ಪಕ್ಕದ ಮನೆಯ ಕಂಪ್ಯೂಟರ್ ಟೀಚರು

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಶಾಲೆಯೊಂದರ ಕಂಪ್ಯೂಟರ್ ಟೀಚರು ಇದ್ದರು. ಯಾವ ಯಂತ್ರ ಕೆಟ್ಟರೂ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, “ಬೈಬೇಡಿ, ಮೊದ್ಲು ಏನಾಗೈತೆ ನೋಡಣ” ಎನ್ನುತ್ತಿದ್ದರು.

ನಾನು ಕಾಲು ಮುರಿದುಕೊಂಡು ಮಹಡಿಯಲ್ಲಿ ಮಲಗಿದ್ದಾಗ, ಲ್ಯಾಪ್‌ಟಾಪಿನಿಂದಲೇ ಕೆಳಗಿನ ಕಂಪ್ಯೂಟರಿಗೆ ಲಾಗಿನ್ ಆಗಿ, ಅದರ ಪರದೆಯನ್ನೇ ಮೇಲೆ ನೋಡುತ್ತಾ ಅನುವಾದ ಮಾಡುತ್ತಿದ್ದೆ. ಕೆಲಸ ಒಪ್ಪಿಸಬೇಕಾದ ದಿನವೇ ಅದು ಕೈಕೊಟ್ಟಿತು. ಎಷ್ಟು ಸಲ ಒತ್ತಿದರೂ ಸಂಪರ್ಕ ಸಿಗಲಿಲ್ಲ. ನನ್ನ ಕೂಗಾಟ ಕೇಳಲಾರದೆ ಹೆಂಡತಿ ಟೀಚರನ್ನು ಕರೆತಂದಳು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವರ ದನಿ ಬಂತು: “ಕರೆಂಟು ಹೋಗಿ ಬಂದ್ಮೇಲೆ ರೌಟರ್ ಈ ಕಂಪ್ಯೂಟರಿಗೆ ಬೇರೆ ಅಡ್ರೆಸ್ ನಂಬರ್ ಕೊಟ್ಟೈತೆ ಕಣ್ರೀ. ನೀವು ಹಳೇ ಮನೆ ಬಾಗಿಲು ತಟ್ತಾ ಕೂತಿದ್ದೀರ!”

ಅವರು ಕೂಗಿ ಹೇಳಿದ ಹೊಸ ನಂಬರ್ ಹಾಕಿದೆ. ನನ್ನ ಅನುವಾದ ಕಣ್ಣೆದುರು ತೆರೆದುಕೊಂಡಿತು. ಅಷ್ಟರಲ್ಲಿ ಕೆಳಗೆ ಕೂತೇ ಅವರು ಟೈಪ್ ಮಾಡತೊಡಗಿದರು, ಕೊನೆಯ ಸಾಲಿನಡಿ ಅಕ್ಷರಗಳು ಒಂದೊಂದಾಗಿ ಮೂಡಿದವು: “ಕಾಣ್ತೈತಾ? ನಾನು ಕಾಫಿ ಕುಡ್ಕಂಡೇ ಹೋಗದು.”