ಗೇಟಿನ ಹೊರಗೆ ನಿಂತು ಅಪ್ಪ ಆರಿಸಿದ ಶಾಲೆ

ಅವರೆಕಾಯಿಯ ಕಾಲ ಬಂತೆಂದರೆ ಆಗೆಲ್ಲ ಮದ್ದೂರಿನ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನಕ್ಕೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ಅವ್ವ, ನಾನು, ತಮ್ಮ ಚಂದ್ರು ಜಗಲಿಯಲ್ಲಿ ಕೂತು ನೆನೆಸಿದ ಕಾಳು ಹಿತಕುತ್ತಿದ್ದೆವು. ಕೈಯೆಲ್ಲ ಸೊಗಡಿನ ವಾಸನೆ. ನನಗಾಗ ಹತ್ತು ವರ್ಷ, ಅವನಿಗೆ ಆರು. ಆ ವರ್ಷ ಮಾತ್ರ ನಮ್ಮೆಲ್ಲರ ಕಿವಿ ಮೊಬೈಲಿನ ಮೇಲಿತ್ತು. ಮಸ್ಕತ್ತಿನಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನಿಗೆ ನಮ್ಮನ್ನು ಕರೆಸಿಕೊಳ್ಳಲು ವೀಸಾ ಸಿಕ್ಕಿತ್ತು. ನಮಗೊಂದು ಶಾಲೆ ಆರಿಸುವುದಷ್ಟೇ ಬಾಕಿ.

ಅಪ್ಪನ ಚಿಂತೆಯೆಲ್ಲ ಚಂದ್ರುವಿನದು. ಅವನು ಶಾಲೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರೂ ಅಷ್ಟೇ. ಅಪ್ಪ ಹೊರಟ ಮೇಲೆ ಅಪ್ಪನೊಂದಿಗೂ ಮಾತು ಬಿಟ್ಟಿದ್ದ. ಫೋನನ್ನು ಕಿವಿಗೆ ಹಿಡಿದರೆ ಸುಮ್ಮನೆ ಉಸಿರಾಡುತ್ತ ಕೂರುತ್ತಿದ್ದ. ಗೊತ್ತಿಲ್ಲದ ದೇಶದಲ್ಲಿ, ಇಂಗ್ಲಿಷಿನಲ್ಲಿ ಈ ಮಗುವಿನ ಗತಿಯೇನು ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಪ್ಪ ಶಾಲೆಗಳವರು ಹಂಚುವ ಬಣ್ಣದ ಫೋಟೊಗಳನ್ನು ನಂಬುವವನಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಹಾಗಾಗಿ ಊಟದ ಬಿಡುವಿನಲ್ಲಿ ಊಟ ಬಿಟ್ಟು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು, ಒಳಗಿನ ಸದ್ದು ಕೇಳುತ್ತಿದ್ದ. ಮೊಬೈಲನ್ನು ಮೇಲೆತ್ತಿ ಹಿಡಿದು ನಮಗೂ ಕೇಳಿಸುತ್ತಿದ್ದ. ಒಂದು ಶನಿವಾರಕ್ಕೆ ಒಂದು ಶಾಲೆ.

ಮೊದಲನೆಯದರಲ್ಲಿ ಬರೀ ಸೀಟಿಯ ಸದ್ದು. ಎರಡನೆಯದು ದೊಡ್ಡ ಇಂಟರ್‌ನ್ಯಾಷನಲ್ ಸ್ಕೂಲು, ಈಜುಕೊಳ ಇತ್ತಂತೆ. ಅಲ್ಲಿಂದ ಕಾರಿನ ಬಾಗಿಲು ಹಾಕಿದ ಸದ್ದು ಬಿಟ್ಟರೆ ಇನ್ನೇನೂ ಕೇಳಲಿಲ್ಲ. ನನಗೆ ಅದೇ ಬೇಕಿತ್ತು. ಕುಂಟೆಬಿಲ್ಲೆಯ ಗೆಳತಿಯರಿಗೆಲ್ಲ ಈಜುಕೊಳದ ಸುದ್ದಿ ಆಗಲೇ ಹಂಚಿ ಮೆರೆದಾಗಿತ್ತು.

ಮೂರನೆಯದೂ ಇಂಟರ್‌ನ್ಯಾಷನಲ್ಲೇ, ಆದರೆ ಗೋಡೆಯ ಬಣ್ಣ ಹೋದದ್ದು. ಮಕ್ಕಳ ಗಲಾಟೆಯ ನಡುವೆ ಒಬ್ಬ ಹೆಂಗಸಿನ ದನಿ.

“ಒಬ್ಬಮ್ಮ ಒಂದೊಂದ್ ಮಗೀನೂ ಎಸ್ರಿಡ್ದು ಕರ್ದು ಬಸ್ಸತ್ತುಸ್ತಾವ್ಳೆ ಕಣವ್ವ,” ಎಂದ ಅಪ್ಪ.

ಈಜುಕೊಳ ಇದೆಯಾ ಎಂದು ಕೇಳಿದೆ. ಇಲ್ಲ ಎಂದ. ಹಾಗಾದರೆ ನಾನು ಬರುವುದೇ ಇಲ್ಲವೆಂದು ಫೋನನ್ನು ಚಂದ್ರುವಿನ ಕೈಗೆ ತುರುಕಿ ಮುಖ ಊದಿಸಿಕೊಂಡು ಕೂತೆ.

ಅವನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೇಳಿದ. ಆಮೇಲೆ, “ಅಪ್ಪಾ, ನನ್ನೆಸ್ರೂ ಕೂಗ್ತಾರಾ?” ಎಂದ.

ಅವ್ವನ ಕೈ ಬೋಗುಣಿಯಲ್ಲೇ ನಿಂತಿತು.

“ಕೂಗ್ತಾರೆ ಕಣ್ಲಾ ಮಗ,” ಎಂದ ಅಪ್ಪ.

ಶಾಲೆ ನಿಶ್ಚಯವಾಯಿತು. ಮಸ್ಕತ್ತಿಗೆ ಹೋದ ಮೂರನೆಯ ತಿಂಗಳಿಗೆ ಚಂದ್ರು, ಹೆಸರು ಕೂಗುವ ಆ ಹೆಂಗಸಿಗೆ “ಎಸ್ ಮಿಸ್” ಎಂದ. ನಾನು ಮಾಡಿದ ಹಟವನ್ನು ಅಪ್ಪ ಬದುಕಿರುವವರೆಗೂ ಒಮ್ಮೆಯೂ ಎತ್ತಿ ಆಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಚಂದ್ರು ಈಗ ಗೆಜ್ಜಲಗೆರೆಯಲ್ಲಿ ಗ್ಯಾರೇಜು ಇಟ್ಟಿದ್ದಾನೆ; ಅವನ ಬಾಯಿ ಮುಚ್ಚಿಸುವುದೇ ಕಷ್ಟ. ನಾನು ದೋಹಾದಲ್ಲಿದ್ದೇನೆ, ಮಗಳಿಗೆ ಶಾಲೆ ಹುಡುಕುತ್ತಿದ್ದೇನೆ. ಸೋಫಾದಲ್ಲಿ ಕೂತೇ ಹತ್ತಾರು ಶಾಲೆಗಳ ವಿಡಿಯೊ ನೋಡಿದೆ. ಎಲ್ಲದಕ್ಕೂ ಹಿಂದಿನಿಂದ ಇಂಪಾದ ಸಂಗೀತ ಹಾಕಿದ್ದಾರೆ, ನಗುವ ಮಕ್ಕಳಿಗೆ ದನಿಯೇ ಇಲ್ಲ. ಯಾರ ಹತ್ತಿರ ಕೇಳಲಿ? ಅಪ್ಪ ಹೋಗಿ ನಾಲ್ಕು ವರ್ಷವಾಯಿತು.

ಮೊನ್ನೆ ಚಂದ್ರುವಿಗೆ ಫೋನ್ ಮಾಡಿ, ಒಂದೂ ತಿಳಿಯುತ್ತಿಲ್ಲ ಕಣೋ ಎಂದೆ.

“ಒಂದಿನ ರಜಾ ಆಕ್ಬುಟ್ಟು ಓಗಿ ಗೇಟ್ತಾವ ನಿಂತ್ಕಳಕ್ಕ,” ಎಂದ.

ರಜೆ ಇಲ್ಲ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಅಪ್ಪನಿಗೂ ಇರಲಿಲ್ಲ.