ನನ್ನ ಗಂಡ ಕಲಿತ ಉಪೇಕ್ಷೆ

ಬುದ್ಧನ ಮೇಲೆ ನನಗೆ ಸಿಟ್ಟು ಬಂದದ್ದು ನನ್ನ ಗಂಡನಿಂದ. ಅದಕ್ಕೆ ಮೊದಲು ಬುದ್ಧ ಅಂದರೆ ಪಾಠದಲ್ಲಿ ಬರುವ ಒಬ್ಬ ಒಳ್ಳೆಯ ಮನುಷ್ಯ, ಅಷ್ಟೇ. ಯಶವಂತಪುರದ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಅವನ ಬಗ್ಗೆ ಪಾಠ ಮಾಡುವಾಗ ಒಂದೊಂದು ಸಲ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಈಗ ಆ ಪಾಠ ಬಂದರೆ ಬೇಗ ಬೇಗ ಮುಗಿಸಿ ವ್ಯಾಕರಣಕ್ಕೆ ಹೋಗುತ್ತೇನೆ.

ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಇರುವುದು ನಾನು, ನನ್ನ ಗಂಡ, ಅವರ ತಾಯಿ. ಗಂಡನಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಮೊದಲು ಮಹಾ ಮುಂಗೋಪಿ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಸರಿಸುತ್ತಿದ್ದರು, ಟಿವಿಯಲ್ಲಿ ಕ್ಯಾಚ್ ಬಿಟ್ಟವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು, ನನ್ನ ಜೊತೆ ಆಗಾಗ ಜಗಳ. ಒಂದು ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲೇ ನಿಂತಿದ್ದ ಇವರ ಸಹೋದ್ಯೋಗಿ ಮಾತಾಡುತ್ತಾ ಮಾತಾಡುತ್ತಾ ಕುಸಿದು ಪ್ರಾಣ ಬಿಟ್ಟ. ಅವನ ತಲೆ ಇವರ ತೊಡೆಯ ಮೇಲಿತ್ತಂತೆ. ಆಮೇಲೆ ಇವರಿಗೆ ನಿದ್ದೆ ಹತ್ತಲಿಲ್ಲ. ಎದೆ ಹಿಡಿದುಕೊಂಡು ಎದ್ದು ಕೂರುತ್ತಿದ್ದರು. ಯಾರೋ ಬುದ್ಧನ ಧ್ಯಾನದ ಶಿಬಿರಕ್ಕೆ ಹೋಗಿ ಅಂದರು. ಹೋಗಿ ಬಂದವರು ಬೇರೆಯೇ ಮನುಷ್ಯ.

ನೆಂಟರೆಲ್ಲ ಹೊಗಳಿದರು. "ಎಷ್ಟ್ ಶಾಂತ ಆಗ್ಬಿಟ್ಟಿದಾರೆ ಕಣ್ರೀ, ನೀವು ಪುಣ್ಯ ಮಾಡಿದ್ರಿ" ಅಂದರು. ಸ್ಟಾಫ್ ರೂಮಿನಲ್ಲಿ ನನ್ನನ್ನು ಬುದ್ಧನ ಹೆಂಡತಿ ಅಂತ ರೇಗಿಸಿದರು. ಆ ಶಾಂತಿಯ ಜೊತೆ ದಿನಾ ಏಗಬೇಕಾದವಳು ನಾನು ಅಂತ ಯಾರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಇವರು ನಡುಮನೆಯಲ್ಲಿ ಧ್ಯಾನಕ್ಕೆ ಕೂತರೆ ಕುಕ್ಕರ್ ಕೂಗಬಾರದು, ಅತ್ತೆ ರೇಡಿಯೋ ಹಾಕಬಾರದು. ನಾನೇನಾದರೂ ಹೇಳಿಕೊಂಡು ಅತ್ತರೆ ಕಣ್ಣು ಅರ್ಧ ಮುಚ್ಚಿ, "ದುಃಖ ಬರುತ್ತೆ, ಹೋಗುತ್ತೆ. ಸುಮ್ನೆ ನೋಡು" ಅನ್ನುವರು. ನನ್ನ ತಂಗಿಗೆ ಗರ್ಭ ನಿಲ್ಲಲಿಲ್ಲ ಅಂತ ಫೋನ್ ಬಂದ ದಿನವೂ ಅದೇ ಮಾತು.

"ನಿಮಗೆ ಏನೂ ಅನ್ಸಲ್ವೇನ್ರೀ?" ಅಂದೆ.

"ಅನ್ಸುತ್ತೆ. ಅಂಟಿಸ್ಕೊಳ್ಳಲ್ಲ. ಅದಕ್ಕೆ ಉಪೇಕ್ಷೆ ಅಂತಾರೆ."

"ಕನ್ನಡದಲ್ಲಿ ಉಪೇಕ್ಷೆ ಅಂದ್ರೆ ಅಸಡ್ಡೆ. ಮಕ್ಕಳಿಗೆ ನಾನು ಹೇಳಿಕೊಡೋ ಅರ್ಥ ಅದೇ."

"ಬುದ್ಧನ ಪಾಳಿ ಭಾಷೆಯಲ್ಲಿ ಬೇರೆ. ಅಲ್ಲಿ ಅದು ಸಮಚಿತ್ತ" ಅಂತ ನಕ್ಕರು. ಏನೂ ತಿಳಿಯದ ಮಗುವನ್ನು ನೋಡಿ ನಗುವ ಹಾಗಿತ್ತು. ಮೈಯೆಲ್ಲ ಉರಿಯಿತು. ತಟ್ಟೆ ಸರಿಸುತ್ತಿದ್ದ ಗಂಡನೇ ವಾಸಿ. ಅವರ ಹತ್ತಿರ ಜಗಳವಾದರೂ ಆಡಬಹುದಿತ್ತು.

ಹೋದ ಬೇಸಿಗೆಯಲ್ಲಿ ಇವರು ಮತ್ತೆ ಶಿಬಿರಕ್ಕೆ ಹೊರಟರು. ಯಲಹಂಕ ದಾಟಿ, ದ್ರಾಕ್ಷಿ ತೋಟಗಳ ಮಧ್ಯೆ ಇರುವ ಜಾಗ. ಅಲ್ಲಿ ಮಾತಾಡುವ ಹಾಗಿಲ್ಲ, ಫೋನ್ ಗೇಟಿನಲ್ಲೇ ಒಪ್ಪಿಸಬೇಕು. ಶಿಬಿರ ಅರ್ಧ ಆಗಿರಬೇಕು, ಒಂದು ಸಂಜೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಓಡಿ ಹೋಗಿ ನೋಡಿದರೆ ಒಂದು ಕಾಲು ಸೊಟ್ಟಗೆ ತಿರುಗಿತ್ತು. ಎದುರು ಮನೆಯವರು ಬಂದು ಕುರ್ಚಿಯಲ್ಲಿ ಕೂರಿಸಿ ಎತ್ತಿ ಕಾರಿನ ತನಕ ತಂದರು. ಹೆಬ್ಬಾಳದ ಆಸ್ಪತ್ರೆಯಲ್ಲಿ, ಸೊಂಟದ ಮೂಳೆ ಮುರಿದಿದೆ, ನಾಳೆಯೇ ಆಪರೇಷನ್ ಆಗಬೇಕು, ಸಕ್ಕರೆ ಕಾಯಿಲೆ ಇರೋದರಿಂದ ಸ್ವಲ್ಪ ಅಪಾಯ ಇದೆ ಅಂದರು. ನಾನು ಶಿಬಿರದ ಆಫೀಸಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ತಿಳಿಸ್ತೀವಿ ಮೇಡಂ" ಅಂದರು.

ಇವರು ಬರಲಿಲ್ಲ. ಬೆಳಿಗ್ಗೆ ಅತ್ತೆಯನ್ನು ಆಪರೇಷನ್‌ಗೆ ಒಳಗೆ ತಳ್ಳಿಕೊಂಡು ಹೋಗುವಾಗ ಅವರು, ಮಗ ಬಂದನಾ ಅಂತ, ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಆಪರೇಷನ್ ಸರಿಯಾಗಿ ಆಯಿತು ಅಂತ ಡಾಕ್ಟರ್ ಹೇಳಿದ ಮೇಲೆ ತಂಗಿಯನ್ನು ಅಲ್ಲಿ ಕೂರಿಸಿ ಕ್ಯಾಬ್ ಹತ್ತಿದೆ.

ಶಿಬಿರದ ಗೇಟಿನಲ್ಲಿ ಬಿಳೀ ಜುಬ್ಬಾದ ವ್ಯವಸ್ಥಾಪಕರು ತಡೆದರು. "ಮೇಡಂ, ಸ್ವಲ್ಪ ಮೆತ್ತಗೆ ಮಾತಾಡಿ. ಸಾಧಕರು ಕೂತಿದ್ದಾರೆ."

"ಎಬ್ಬಿಸಿ ಹಾಗಾದ್ರೆ."

"ಮಧ್ಯೆ ಎಬ್ಬಿಸೋ ಹಾಗಿಲ್ಲ. ಗಂಟೆ ಹೊಡೆಯೋವರೆಗೂ ಕಾಯ್ಬೇಕು."

ಅಂಗಳದ ಮಾವಿನ ಮರಕ್ಕೆ ಹಿತ್ತಾಳೆ ಗಂಟೆ ಕಟ್ಟಿತ್ತು. ನಾನು ಅವರನ್ನು ದಾಟಿ ಹೋಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಬಡಿದೆ. ಮೌನದ ಆ ಅಂಗಳವೆಲ್ಲ ಕಿತ್ತುಕೊಂಡು ಹೋಗುವ ಹಾಗೆ ಬಡಿದೆ. ಬಾಗಿಲು ತೆರೆಯಿತು. ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ ಹೊರಗೆ ಬಂದರು, ಚಹಾದ ಹೊತ್ತಾಯಿತು ಅಂದುಕೊಂಡಿರಬೇಕು. ಕೆಲವರು ಲೋಟ ಇಟ್ಟಿದ್ದ ಕಡೆಗೇ ನಡೆದರು. ಅವರ ಮಧ್ಯೆ ನನ್ನ ಗಂಡ.

"ರೀ, ನಿಮ್ಮಮ್ಮ ಆಸ್ಪತ್ರೇಲಿದಾರೆ! ಇವರು ನಿಮಗೆ ಹೇಳೇ ಇಲ್ಲ" ಅಂತ ಕೂಗಿದೆ. ವ್ಯವಸ್ಥಾಪಕರ ಕಡೆ ತಿರುಗಿ, "ಇದೇನ್ರೀ ನಿಮ್ಮ ಕರುಣೆ?" ಅಂದೆ.

ಆತನ ಮುಖ ಕೆಂಪಗಾಯಿತು. "ನೀವು ಫೋನ್ ಮಾಡಿದ ಕೂಡಲೇ ಹೇಳಿದ್ವಿ ಮೇಡಂ. ಅವರ ಬ್ಯಾಗು, ಫೋನು ತಂದು ಮುಂದಿಟ್ವಿ. ಅವರೇ, ಶಿಬಿರ ಮುಗಿಸ್ಕೊಂಡೇ ಹೋಗ್ತೀನಿ ಅಂದ್ರು."

ನಾನು ಇವರ ಮುಖ ನೋಡಿದೆ. ಸುಳ್ಳು ಅನ್ನುತ್ತಾರೆ ಅಂತ ಕಾದೆ.

"ಇಲ್ಲಿಂದಲೇ ಅಮ್ಮನಿಗೆ ಒಳ್ಳೇದಾಗ್ಲಿ ಅಂತ ಮೈತ್ರಿ ಕಳಿಸ್ತಾ ಇದ್ದೆ" ಅಂದರು.

"ಅವರಿಗೆ ಬೇಕಾಗಿದ್ದು ಬೆಡ್‌ಪ್ಯಾನು!"

ಯಾರೋ ಹಿಂದೆ ಕಿಸಕ್ಕಂದರು. ಮೌನವ್ರತದವರೇ. ಇವರು ಒಳಗೆ ಹೋಗಿ ಬ್ಯಾಗು ತಂದರು.

ವಾಪಸು ಬರುವಾಗ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಕ್ಯಾಬು ನಿಂತಿತ್ತು. ಇವರು ಗಾಜಿನಾಚೆ ನೋಡುತ್ತಾ, "ಆಸ್ಪತ್ರೆ ಅಂದ ಕೂಡ್ಲೆ ಬಸ್ ಸ್ಟಾಪಲ್ಲಿ ಅವನು ಬಿದ್ದಿದ್ದು ಕಣ್ಮುಂದೆ ಬಂತು. ಎದ್ದು ಬ್ಯಾಗು ಎತ್ಕೊಂಡೆ, ಬಾಗಿಲು ದಾಟೋಕಾಗ್ಲಿಲ್ಲ. ಮತ್ತೆ ಕೂತೆ. ಅಲ್ಲಿ ಕೂತಿದ್ರೆ ಹೆದರಿಕೆ ಇರಲ್ಲ" ಅಂದರು. ಇಷ್ಟು ಕಾಲದಲ್ಲಿ ಇವರು ನನಗೆ ಹೇಳಿದ ನಿಜವಾದ ಮಾತು ಅದೊಂದೇ ಇರಬೇಕು. ಬೇರೆ ದಿನವಾಗಿದ್ದರೆ ಕೈ ಹಿಡಿದುಕೊಳ್ಳುತ್ತಿದ್ದೆನೋ ಏನೋ.

"ಹೆದರಿಕೆ ಅಂತ್ಲೇ ಹೇಳಿ. ಜ್ಞಾನ ಅನ್ಬೇಡಿ" ಅಂದೆ.

ವಾರ್ಡಿನಲ್ಲಿ ಅತ್ತೆ ಎಚ್ಚರವಾಗಿದ್ದರು. ಬಿಳೀ ಬಟ್ಟೆಯ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಮುಗೀತೇನೋ ನಿಂದು?"

"ಇಲ್ಲಮ್ಮ."

"ಹಂಗಾದ್ರೆ ಹೋಗಿ ಮುಗಿಸ್ಕೊಂಡ್ ಬಾ. ನನ್ನ ಕಾಲು ಎಲ್ಲೂ ಓಡ್ಹೋಗಲ್ಲ" ಅಂದು ನನ್ನ ಕಡೆ ತಿರುಗಿ ನೀರು ಕೇಳಿದರು. ಇವರು ಲೋಟ ಹಿಡಿದುಕೊಂಡು ಬಂದರೆ ಅತ್ತೆ ಬಾಯಿ ತೆರೆಯಲಿಲ್ಲ. ನಾನು ಕುಡಿಸಿದೆ.

ಅತ್ತೆ ಮನೆಗೆ ಬಂದ ಮೇಲೆ ಇವರ ಶಿಬಿರದ ಗೆಳೆಯರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಒಬ್ಬರು ಅತ್ತೆಯ ಮಂಚದ ಪಕ್ಕ ಕೂತು, "ಅಮ್ಮಾ, ನೋವನ್ನ ನೋವು ಅಂದ್ಕೋಬೇಡಿ. ಸುಮ್ನೆ ಗಮನಿಸಿ" ಅಂದರು. "ನಿಮ್ಮ ಸೊಂಟ ಮುರಿದಾಗ ಹೇಳಿ ಕಳಿಸಿ, ಬಂದು ಗಮನಿಸ್ತೀನಿ" ಅಂದರು ಅತ್ತೆ. ಆಮೇಲೆ ಅವರ್ಯಾರೂ ಬರಲಿಲ್ಲ.

ಇವರ ಬಾಯಿ ಮುಚ್ಚಿಸಲೇಬೇಕು ಅಂತ ನಾನೇ ಇವರ ಪುಸ್ತಕಗಳನ್ನು ಓದಿದೆ. ಕಾಯಿಲೆ ಬಿದ್ದು, ಹೇಸಿಗೆಯಲ್ಲಿ ಹೊರಳುತ್ತಿದ್ದ ಒಬ್ಬ ಭಿಕ್ಷುವನ್ನು ಬುದ್ಧ ತಾನೇ ತೊಳೆದು ಮಲಗಿಸಿದ ಕಥೆ ಸಿಕ್ಕಿತು. ಉಳಿದ ಭಿಕ್ಷುಗಳು ಅವನನ್ನು ತಿರುಗಿಯೂ ನೋಡಿರಲಿಲ್ಲವಂತೆ. ಪುಸ್ತಕ ತಂದು ಇವರ ಮುಂದೆ ಹಿಡಿದೆ. "ಈ ಕಥೆ ಗೊತ್ತು" ಅಂದರು ತಲೆ ತಗ್ಗಿಸಿ. ಗೊತ್ತಿದ್ದೂ ಕೂತಿದ್ದರು! ಬುದ್ಧನ ಮೇಲಿನ ಸಿಟ್ಟು ಅವತ್ತು ಒಂದಿಷ್ಟು ಇಳಿಯಿತು. ಅದೂ ಸೇರಿ ಇವರ ಮೇಲೆ ಏರಿತು.

ಈಗ ಅತ್ತೆ ವಾಕರ್ ಹಿಡಿದು ಗೇಟಿನವರೆಗೂ ನಡೆಯುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಬಟ್ಟೆ ಬದಲಿಸುವುದು, ವ್ಯಾಯಾಮ ಮಾಡಿಸುವುದು, ಎಲ್ಲಾ ಇವರೇ. ಧ್ಯಾನಕ್ಕೆ ಕೂರುವಾಗಿನ ಅದೇ ಮುಖ ಹೊತ್ತು ಮಾಡುತ್ತಾರೆ, ಅದೇ ನನಗೆ ಸಹಿಸಲಾಗುವುದಿಲ್ಲ. ಮೊನ್ನೆ ಅತ್ತೆಯ ಪಾದಕ್ಕೆ ಎಣ್ಣೆ ತಿಕ್ಕುತ್ತಾ, "ಈಗ ಅರ್ಥ ಆಗ್ತಿದೆ, ಇದೂ ಸಾಧನೆನೇ" ಅಂದರು.

"ಅದು ನಿಮ್ಮಮ್ಮನ ಕಾಲು ಕಣ್ರೀ. ನಿಮ್ಮ ಸಾಧನೆ ಅಲ್ಲ" ಅಂದೆ.

ಅತ್ತೆ ನಮ್ಮಿಬ್ಬರನ್ನೂ ನೋಡಿ, "ಎಣ್ಣೆ ತಣ್ಣಗಾಯ್ತು, ಬಿಸಿ ಮಾಡ್ಕೊಂಡ್ ಬಾ" ಅಂದರು. ಯಾರಿಗೆ ಹೇಳಿದ್ದು ಅಂತ ಗೊತ್ತಾಗಲಿಲ್ಲ. ನಾನು ಏಳಲಿಲ್ಲ. ಇವರು ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದರು.