ಇಷ್ಟಮೀನು

ಸೊಳ್ಳೆ ಕಚ್ಚಿ ಎದ್ದ ಗಂಧೆಯನ್ನು ಕೆರೆದುಕೊಳ್ಳದೆ ಸುಮ್ಮನೆ ನೋಡುತ್ತ ಕೂರಬಲ್ಲವನು ಒಂದೋ ಯೋಗಿ, ಇಲ್ಲವೇ ಸಂಜೆಯ ಹೊತ್ತು ಮಾತಿಗೆ ಜನವಿಲ್ಲದವನು. ನಾನು ಯೋಗಿಯಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹೊಳೆನರಸೀಪುರದ ದನದ ಆಸ್ಪತ್ರೆಗೆ ಬಂದು ಬಿದ್ದ ಒಂಟಿ ಡಾಕ್ಟರು. ನನ್ನ ರೋಗಿಗಳ ದೊಡ್ಡ ಗುಣವೆಂದರೆ ಮೌನ; ನನ್ನ ಕಷ್ಟವೂ ಅದೇ.

ಹೇಳಿಕೊಳ್ಳಲು ನನಗಿದ್ದದ್ದು ಒಂದೇ ಕತೆ. ಮೊದಲು ನಾನು ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದೆ. ಕೀವು ಹುಟ್ಟಿಸುವ ಸೂಕ್ಷ್ಮಜೀವಿ ಒಂದು ವಿಷವನ್ನು ಸ್ರವಿಸುತ್ತದೆಯಷ್ಟೆ; ಮೈ ಊದುವುದು ನೇರವಾಗಿ ಆ ವಿಷದಿಂದಲೋ, ಅಥವಾ ವಿಷ ತಾಗಿದೊಡನೆ ದೇಹವೇ ತನ್ನೊಳಗೆ ಬಚ್ಚಿಟ್ಟುಕೊಂಡ ಹಿಸ್ಟಮೀನ್ ಎಂಬ ದ್ರವ್ಯವನ್ನು ಹೊರಚೆಲ್ಲುವುದರಿಂದಲೋ ಎಂಬುದು ನಮ್ಮ ಪ್ರಶ್ನೆ. ಗಿನಿಯಿಲಿಯ ಶ್ವಾಸಕೋಶದ ಮೂಲಕ ವಿಷ ಬೆರೆಸಿದ ಉಪ್ಪುನೀರು ಹಾಯಿಸಿ, ಹೊರಬಂದ ಹನಿಯನ್ನು ಒಂದು ಕರುಳಿನ ತುಂಡಿಗೆ ಬಿಡುತ್ತಿದ್ದೆವು. ಹಿಸ್ಟಮೀನ್ ಇದ್ದರೆ ಕರುಳು ಮುದುಡಿ, ಅದಕ್ಕೆ ಕಟ್ಟಿದ ಕಡ್ಡಿ ಹೊಗೆ ಹಿಡಿಸಿ ಕಪ್ಪಾಗಿಸಿದ ಮಸಿಗಾಗದದ ಮೇಲೆ ಗೆರೆಯನ್ನು ಮೇಲಕ್ಕೆಳೆಯಬೇಕು. ಬರೀ ವಿಷ ಬಿಟ್ಟಾಗ ಏಳದ ಗೆರೆ, ಒಂದು ಮಧ್ಯಾಹ್ನ, ಶ್ವಾಸಕೋಶ ದಾಟಿ ಬಂದ ಹನಿಗೆ ಎದ್ದಿತು! ಮೇಷ್ಟ್ರು ಮಾತ್ರ, “ಒಂದು ಸಲ ಆದದ್ದು ಸಾಕ್ಷಿಯಲ್ಲ, ಮತ್ತೆ ಮಾಡಿ ನೋಡೋಣ” ಎಂದರು. ಅಷ್ಟರಲ್ಲಿ ಯುದ್ಧ ಬಂತು, ಪ್ರಯೋಗ ನಿಂತಿತು, ಉತ್ತರವಿಲ್ಲದ ಪ್ರಶ್ನೆಯೊಂದನ್ನೇ ಸಂಸಾರವೆಂದು ಕಟ್ಟಿಕೊಂಡು ನಾನು ಹೇಮಾವತಿಯ ದಡಕ್ಕೆ ಬಂದೆ.

ಹೊಳೆಯಾಚೆಯ ಹಳ್ಳಿಯಿಂದ ಪುಟ್ಟಮ್ಮ ಹೇಳಿಕಳಿಸಿದ್ದು ಆಗ. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲದ ಹೆಂಗಸು. ಕರು ಹಾಕಿದ ಅವಳ ಹಸುವಿಗೆ ಕೆಚ್ಚಲು ಬಾವು. ಕೆಚ್ಚಲು ಕಲ್ಲಾಗಿತ್ತು, ಒಂದು ಮೊಲೆ ನೀಲಿಗಟ್ಟಿತ್ತು, ಹಸು ಮೇವು ಬಿಟ್ಟು ಮಲಗಿತ್ತು. ಉಳಿಯುವ ಭರವಸೆ ನನಗಿರಲಿಲ್ಲ.

“ಅದ್ಯಾಕ್ ಸಾ ಇಂಗ್ ಊದ್ಕೊಂಡದೆ?” ಎಂದು ಕೇಳಿದಳು.

ಲೋಕದಲ್ಲಿ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆಯೇ ಅದು. ಕೆಚ್ಚಲಿಗೆ ಬಿಸಿನೀರಿನ ಶಾಖ ಕೊಡುತ್ತಲೇ ಇಲಿ, ಕರುಳು, ಹಿಸ್ಟಮೀನ್, ಕಡ್ಡಿ, ಮಸಿಗಾಗದಗಳನ್ನೆಲ್ಲ ಆ ಕೊಟ್ಟಿಗೆಯಲ್ಲಿ ಹರಡಿಬಿಟ್ಟೆ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿ, ಕೊನೆಗೆ ನನ್ನ ಹಣೆಯ ವಿಭೂತಿಯನ್ನು ಅನುಮಾನದಿಂದ ನೋಡಿದಳು.

“ಇಷ್ಟ ಮೀನಾ? ನೀವು ಲಿಂಗ ಕಟ್ಟೋರು ಅಲ್ವಾ ಸಾ?”

ಕೊರಳಲ್ಲಿ ಇಷ್ಟಲಿಂಗ, ನಾಲಗೆಯಲ್ಲಿ ಇಷ್ಟಮೀನು! ಆ ಊರಿಗೆ ಬಂದಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಆಮೇಲೆ ದಿನವೂ ಹೋದೆ. ಕೆಟ್ಟ ಹಾಲನ್ನು ಹಿಂಡಿ ತೆಗೆಯುವುದು, ಶಾಖ ಕೊಡುವುದು, ಕತೆ ಮುಂದುವರಿಸುವುದು. ಔಷಧಿಗಿಂತ ಕತೆಯೇ ಹೆಚ್ಚಾಯಿತೇನೋ. ಕೊನೆಗೊಂದು ಬೆಳಗ್ಗೆ ಹಸು ತಾನಾಗಿ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ಒಂದು ಮೊಲೆ ಮಾತ್ರ ಬತ್ತಿಹೋಯಿತು. ನಾನು ಪೇಚಾಡಿದರೆ ಪುಟ್ಟಮ್ಮ, “ಮೂರು ಸಾಕ್ ಬುಡಿ ಸಾ, ಕರ ಒಂದೇ ತಾನೆ” ಎಂದಳು.

ಹಸು ಗುಣವಾದಮೇಲೆ ಡಾಕ್ಟರಿಗೇನು ಕೆಲಸ? ಹೊಳೆ ದಾಟುವ ನೆಪ ತಪ್ಪಿತು. ಸಂಜೆಗಳು ಮತ್ತೆ ಉದ್ದವಾದವು. ರೋಗಿ ಉಳಿದದ್ದಕ್ಕೆ ಒಳಗೊಳಗೇ ಬೇಸರಪಟ್ಟ ವೈದ್ಯ ನಾನೊಬ್ಬನೇ ಇರಬೇಕು.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಪುಟ್ಟಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು, ಒಬ್ಬಳೇ.

“ಹಸುವಿಗೆ ಮತ್ತೇನಾಯಿತಮ್ಮ?”

“ಹಸ ಚೆನ್ನಾಗದೆ ಸಾ. ನೀವ್ ಬರಾದ್ ನಿಂತ್ಮ್ಯಾಲೆ ಮನೇಲಿ ಮಾತೇ ಇಲ್ದಂಗಾಯ್ತು.”

ಅಷ್ಟು ದಿನ ಕೊಟ್ಟಿಗೆಯಲ್ಲಿ ಕೂತು ಹರಟಿದ ನಾನು, ಅವಳನ್ನು ಒಂದು ಮಾತೂ ಕೇಳಿರಲಿಲ್ಲವೆಂದು ಆಗ ಹೊಳೆಯಿತು. ಗೋಡೆಗೆ ಒರಗಿಸಿದ್ದ ಬೆಂಚನ್ನು ಎಳೆದು ಹಾಕಿ, “ಕೂತ್ಕೊಳಮ್ಮ, ನಿನ್ನ ಯಜಮಾನರು ಹೇಗಿದ್ದರು, ಹೇಳು” ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಬಿಸಿಲು ಇಳಿಯುವವರೆಗೂ ಹೇಳಿದಳು.